ಹಸಿದ ನೀರಿಗೆ ಒಂದು ಪ್ಲೇಟ್ ಮಿರ್ಚಿ

ಸೀನ ಮೊಬೈಲನ್ನು ಮಿರ್ಚಿ ತಟ್ಟೆಗೆ ಒರಗಿಸಿ ನಿಲ್ಲಿಸಿದ. ಪರದೆ ತುಂಬಾ ಒಂದು ನದಿ. ಎರಡೂ ಕಡೆ ಎತ್ತರದ ಗೋಡೆ, ಗೋಡೆ ಮೇಲೆ ಸೈಕಲ್ ದಾರಿ, ದಾರಿ ಪಕ್ಕ ಸಾಲು ಗಿಡ. ನಡುವೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ನೀರು.

"ಅಹಮದಾಬಾದ್. ಸಬರಮತಿ," ಎಂದ. "ಹೋದ ವಾರ ನಾನೇ ಅಲ್ಲಿ ವಾಕಿಂಗ್ ಮಾಡಿ ಬಂದೆ. ನಮ್ಮ ಹೊಸಪೇಟೆಗೂ ಹೀಗೊಂದು ರಿವರ್‌ಫ್ರಂಟ್ ಆಗಬೇಕು ನೋಡಿ."

ಕೊಟ್ರಣ್ಣ ಕನ್ನಡಕ ಏರಿಸಿ ನೋಡಿದರು. "ಚೆನ್ನಾಗಿದೆ ಕಣೋ. ಇದರಲ್ಲಿ ನದಿ ಎಲ್ಲಿ?"

"ಅಣ್ಣಾ, ಅದೇ ನದಿ!"

"ಅದು ನೀರು. ಅದೂ ನರ್ಮದೆ ನೀರು, ಕಾಲುವೇಲಿ ಬಂದಿದ್ದು. ನಾನು ಕೇಳಿದ್ದು ನದಿ. ಮರಳು, ಮಡು, ದಿಬ್ಬ, ದಡದಲ್ಲಿ ಒಂದು ಎಮ್ಮೆ."

"ಎಮ್ಮೆ ಬಂದ್ರೆ ಫೋಟೋ ಕೆಡುತ್ತೆ."

"ಅದನ್ನೇ ಹೇಳಿದ್ದು. ನಿಮಗೆ ಬೇಕಾಗಿರೋದು ಫೋಟೋ."

ಮೇಷ್ಟ್ರು ಚಹಾ ಕಪ್ ಕೆಳಗಿಟ್ಟರು. "ಕೊಟ್ರೇಶಿ, ನಿನಗೆ ಅಚ್ಚುಕಟ್ಟು ಅಂದ್ರೆ ಆಗಲ್ಲ."

"ಅಚ್ಚುಕಟ್ಟು ಅನ್ನೋದು ಗದ್ದೆಗೆ ಇರಬೇಕು ಮೇಷ್ಟ್ರೇ, ನದಿಗಲ್ಲ. ನೀರಾವರಿಯವರೂ ಆ ಪದಾನ ಗದ್ದೆಗೇ ಇಟ್ಟಿದ್ದಾರೆ." ಹೇಳುತ್ತಲೇ ಜೇಬಿನಿಂದ ಫೋನ್ ತೆಗೆದು ನೋಡಿ ಮತ್ತೆ ಒಳಗಿಟ್ಟರು. ಮನೆ ಮೇಲೆ ಒಂದು ರೂಮು ಕಟ್ಟಿಸುತ್ತಿದ್ದಾರೆ. ಬೆಳಿಗ್ಗೆಯಿಂದ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಮರಳಿನ ಲೋಡಿಗೆ ಕಾಯುತ್ತಿದ್ದಾರೆ. ಗಾರೆಯವರು ಕೂತು ಬೀಡಿ ಸೇದುತ್ತಿದ್ದಾರಂತೆ, ಪಗಾರ ಓಡುತ್ತಿದೆ.

ಪಂಪಣ್ಣ ಇಷ್ಟು ಹೊತ್ತು ಸುಮ್ಮನಿದ್ದಿದ್ದೇ ಹೆಚ್ಚು. ಅವನ ಅಳಿಯ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿದ್ದಾನೆ. ಯಾವ ಮಾತು ಎಲ್ಲಿ ಶುರುವಾದರೂ ಪಂಪಣ್ಣ ಅದನ್ನು ಕಾರ್ಲ್ಸ್‌ರೂಹೆಗೆ ಮುಟ್ಟಿಸದೆ ಬಿಡುವವನಲ್ಲ.

"ಜರ್ಮನಿಯವರು ರೈನ್ ನದೀನ ಹೇಗೆ ನೇರ ಮಾಡಿದ್ದಾರೆ ಗೊತ್ತಾ? ಟುಲ್ಲಾ ಅಂತ ಒಬ್ಬ ಇಂಜಿನಿಯರ್. 1817ರಲ್ಲಿ ಕೆಲಸ ಶುರು. ಡೊಂಕೆಲ್ಲಾ ಕತ್ತರಿಸಿ ಬಾಸೆಲ್‌ನಿಂದ ವರ್ಮ್ಸ್‌ವರೆಗೆ 81 ಕಿಲೋಮೀಟರ್ ಉಳಿಸಿಬಿಟ್ರು!"

"ಉಳಿಸಿದ್ದು ಎಲ್ಲಿಟ್ಟಿದ್ದಾರೆ?" ಕೊಟ್ರಣ್ಣ ಕೇಳಿದರು.

"ಅಂದ್ರೆ ದಾರಿ ಕಮ್ಮಿ ಆಯ್ತು ಅಂತ."

"ಇಳಿಯೋ ಎತ್ತರ ಕಮ್ಮಿ ಆಯ್ತಾ? ಅಷ್ಟೇ ಇಳಿಯೋದು ಕಮ್ಮಿ ದಾರೀಲಿ ಇಳೀಬೇಕು. ನೀರಿಗೆ ಜೋರು ಬಂತು. ಜೋರು ಬಂದ ನೀರು ಸುಮ್ನೆ ಹೋಗುತ್ತಾ? ತಳ ಕೆರೆಯೋಕೆ ಶುರು ಮಾಡ್ತು. ಕೆಲವು ಕಡೆ ಏಳು ಮೀಟರ್‌ವರೆಗೆ ತಳ ಇಳಿದುಹೋಯ್ತು. ಈಸ್ಟೈನ್ ಅನ್ನೋ ಊರ ಹತ್ತಿರ ಬಂಡೆ ಮೇಲೆದ್ದು ಹಡಗಿಗೆ ದಾರಿ ಇಲ್ಲದ ಹಾಗಾಯ್ತು. ದಡದ ಬಾವಿಗಳಲ್ಲಿ ನೀರು ಕೆಳಗೆ ಹೋಯ್ತು. ಇದನ್ನ ನಿನ್ನ ಅಳಿಯ ಹೇಳಲಿಲ್ವಾ?"

ಪಂಪಣ್ಣ ಮಿರ್ಚಿ ಮುರಿಯುವ ನೆಪದಲ್ಲಿ ತಲೆ ತಗ್ಗಿಸಿದ. ಆಮೇಲೆ ಮೆಲ್ಲಗೆ ಎಂದ, "ಅವನು ಬೇರೆ ಒಂದು ತೋರಿಸಿದ. ಇಫೆಟ್ಸ್‌ಹೈಮ್ ಅಂತ ಒಂದು ಕಟ್ಟೆ. ಅದರ ಕೆಳಗೆ ದೋಣಿ ತುಂಬಾ ಜಲ್ಲಿ ತಂದು ನದಿಗೆ ಸುರೀತಿದ್ರು. ದೋಣಿಯ ತಳವೇ ಎರಡು ಹೋಳಾಗಿ ಬಾಯಿ ಬಿಡುತ್ತೆ. ಜಲ್ಲಿ ಧೊಪ್ಪಂತ ಬೀಳುತ್ತೆ. ನಾನು ಎಲ್ಲೋ ರಸ್ತೆ ಕೆಲಸ ಇರಬೇಕು ಅಂದ್ಕೊಂಡೆ."

"ರಸ್ತೆ ಅಲ್ಲ, ಊಟ!" ಕೊಟ್ರಣ್ಣನಿಗೆ ಈಗ ಹುರುಪು ಬಂತು. "1978ರಿಂದ ಪ್ರತಿ ವರ್ಷ ನದಿಗೆ ಬಡಿಸ್ತಿದ್ದಾರೆ. ವರ್ಷಕ್ಕೆ ಒಂದೂವರೆ ಲಕ್ಷ ಘನಮೀಟರಿಗಿಂತ ಜಾಸ್ತಿ. ಬಡಿಸದಿದ್ರೆ ಅದು ತನ್ನ ತಳಾನೇ ತಿನ್ನುತ್ತೆ. ನದಿ ತಜ್ಞರೇ ಇಟ್ಟ ಹೆಸರು, ಹಸಿದ ನೀರು."

ಸೀನ ನಕ್ಕ. "ನೀರಿಗೆ ಹಸಿವು, ಮೀನಿಗೆ ಬಾಯಾರಿಕೆ."

"ನಗಬೇಡ. ಹರಿಯೋ ನೀರಿಗೆ ಹೊರೋ ಶಕ್ತಿ ಇರುತ್ತೆ. ಮೇಲಿಂದ ಮಣ್ಣು, ಮರಳು, ಜಲ್ಲಿ ಹೊತ್ಕೊಂಡು ಬರುತ್ತೆ. ನಡುವೆ ಡ್ಯಾಂ ಬಂತು. ನಿಂತ ನೀರಲ್ಲಿ ಹೊರೆ ಎಲ್ಲಾ ಕೂತುಬಿಡ್ತು. ಗೇಟಿಂದ ಹೊರಗೆ ಬಿದ್ದ ನೀರಿಗೆ ಶಕ್ತಿ ಹಾಗೇ ಇದೆ, ಹೊರೆ ಇಲ್ಲ. ಮದುವೆ ಮನೆ ಬಾಗಿಲಲ್ಲೇ ಎಲೆ ಕಿತ್ಕೊಂಡು ಆಚೆ ಕಳಿಸಿದ ಹಾಗೆ. ಅವನು ಹೋಗ್ತಾ ಚಪ್ಪರದ ಬಾಳೆಗೊನೆಗೇ ಕೈ ಹಾಕ್ತಾನೆ. ಮೊದಲು ಸಣ್ಣ ಮರಳು ತಿನ್ನುತ್ತೆ, ಆಮೇಲೆ ದಪ್ಪ ಮರಳು. ಕೊನೆಗೆ ಎತ್ತೋಕಾಗದ ಗುಂಡುಕಲ್ಲು ಮಾತ್ರ ಉಳಿಯುತ್ತೆ. ನಿನ್ನ ತಟ್ಟೆ ನೋಡ್ಕೋ."

ಎಲ್ಲರೂ ನೋಡಿದೆವು. ಒಗ್ಗರಣೆ ಮಂಡಕ್ಕಿಯಲ್ಲಿ ಶೇಂಗಾ ಒಂದೂ ಇಲ್ಲ. ಪುಟಾಣಿ ಇಲ್ಲ. ಮಂಡಕ್ಕಿಯೂ ಮುಗಿದಿದೆ. ತಟ್ಟೆಯ ತಳದಲ್ಲಿ ನಾಲ್ಕು ಹಸಿಮೆಣಸಿನಕಾಯಿ ಚೂರು, ಒಂದಿಷ್ಟು ಕರಿಬೇವು.

"ಇದೇ ಡ್ಯಾಂ ಕೆಳಗಿನ ನದಿ," ಎಂದರು ಕೊಟ್ರಣ್ಣ. "ಇನ್ನೊಂದು ಪ್ಲೇಟ್ ಹೇಳು."

ಮೇಷ್ಟ್ರು ಪಾಠಕ್ಕೆ ಇಳಿದರು. "ಅದಕ್ಕೇ ಹಳಬರು ಬುದ್ಧಿವಂತರು. ಹಂಪಿಯ ತುರ್ತು ಕಾಲುವೆ ನೋಡು. ವಿಜಯನಗರದ ಕಾಲದ್ದು, ಇವತ್ತಿಗೂ ಗದ್ದೆಗೆ ನೀರು ಕೊಡ್ತಿದೆ."

"ಅವರದು ತಗ್ಗಾದ ಕಲ್ಲಿನ ಒಡ್ಡು. ಹೊಳೆ ಬಂದ್ರೆ ಕೆಸರು ನೀರು ತಲೆ ಮೇಲೆ ಹತ್ತಿ ಮುಂದಕ್ಕೆ ಹೋಗೋದು. ಒಪ್ಪಿದೆ. ಆದ್ರೆ ಅವರಿಗೆ ರಾಯಚೂರಿನವರೆಗೆ ನೀರು ಮುಟ್ಟಿಸೋ ಕೆಲಸ ಇರಲಿಲ್ಲ ಮೇಷ್ಟ್ರೇ. ನಾನು ನಮ್ಮ ತುಂಗಭದ್ರಾ ಡ್ಯಾಂ ಬೈಯ್ಯೋನಲ್ಲ. ಅದರ ಅನ್ನ ತಿಂದೇ ಇಷ್ಟು ಹೊಟ್ಟೆ ಬಂದಿರೋದು. ಅದು ಕಟ್ಟಿದ್ದು 1953, ನಾನು ಹುಟ್ಟಿದ್ದು 1955. ಅದಕ್ಕೆ ಹೂಳು, ನನಗೆ ಇದು." ಹೊಟ್ಟೆ ಸವರಿಕೊಂಡರು.

"ಹೂಳೆತ್ತಿಸಿದ್ರೆ ಆಯ್ತಪ್ಪ," ಎಂದ ಪಂಪಣ್ಣ. ಈ ಮಾತು ನಮ್ಮೂರಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತದೆ. ಸಲೂನಲ್ಲಿ, ಬಸ್‌ಸ್ಟ್ಯಾಂಡಲ್ಲಿ, ಚುನಾವಣೆ ಬಂದರೆ ವೇದಿಕೆ ಮೇಲೂ.

ಕೊಟ್ರಣ್ಣ ಮಿರ್ಚಿ ಕಟ್ಟಿಕೊಟ್ಟಿದ್ದ ಪೇಪರನ್ನು ಬಿಡಿಸಿ, ಎಣ್ಣೆ ಹತ್ತದ ಜಾಗ ಹುಡುಕಿ, ನನ್ನ ಜೇಬಿನ ಪೆನ್ನು ಕಿತ್ತುಕೊಂಡರು.

"ಶುರುವಲ್ಲಿ ಡ್ಯಾಂ ಹಿಡೀತಿದ್ದದ್ದು 133 ಟಿಎಂಸಿ. 2016ರ ಸರ್ವೆಯಲ್ಲಿ 105 ಚಿಲ್ಲರೆ. ಹೋಗಿದ್ದು 27 ಅಂತ ಬರಿ. ಒಂದು ಟಿಎಂಸಿ ಅಂದ್ರೆ 2 ಕೋಟಿ 83 ಲಕ್ಷ ಘನಮೀಟರ್. ಎಷ್ಟಾಯ್ತು ಮೇಷ್ಟ್ರೇ?"

"76 ಕೋಟಿ," ಎಂದರು ಮೇಷ್ಟ್ರು. ಕಣ್ಣು ಮುಚ್ಚಿಯೇ ಹೇಳಿದರು. ನಿವೃತ್ತಿಯಾಗಿ ಎಷ್ಟು ವರ್ಷವಾದರೂ ಗುಣಾಕಾರ ಬಿಟ್ಟಿಲ್ಲ.

"ಒಂದು ಟಿಪ್ಪರ್‌ಗೆ ಹತ್ತು ಘನಮೀಟರ್ ಹಿಡಿ. 7 ಕೋಟಿ 60 ಲಕ್ಷ ಲೋಡು. ನಿಮಿಷಕ್ಕೊಂದು ಟಿಪ್ಪರ್ ಹೊರಗೆ ಬರಬೇಕು. ಹಗಲು, ರಾತ್ರಿ, ಭಾನುವಾರ, ಯುಗಾದಿ, ಡ್ರೈವರ್ ಮಗಳ ಮದುವೆ, ಏನೂ ನೋಡೋ ಹಾಗಿಲ್ಲ."

ಮೇಷ್ಟ್ರು ಮತ್ತೆ ಕಣ್ಣು ಮುಚ್ಚಿದರು. "145 ವರ್ಷ."

"ಆಗಲಿ ಬಿಡಿ," ಎಂದ ಸೀನ, "ಮೊಮ್ಮಕ್ಕಳ ಕಾಲಕ್ಕಾದ್ರೂ ಮುಗಿಯುತ್ತಲ್ಲ."

"ಮುಗಿಯಲ್ಲ. ಕತೆ ಇನ್ನೂ ಇದೆ. 63 ವರ್ಷಕ್ಕೆ 76 ಕೋಟಿ ತುಂಬಿದೆ. ಸರಾಸರಿ ತೆಗೆದ್ರೆ ನದಿ ನಿಮಿಷಕ್ಕೆ ಎರಡು ಲೋಡಿಗಿಂತ ಜಾಸ್ತಿ ಒಳಗೆ ತಂದು ಹಾಕಿದೆ. ನೀವು ನಿಮಿಷಕ್ಕೊಂದು ಎತ್ತಿ. ಅದಕ್ಕೆ ಡೀಸೆಲ್ ಬೇಡ, ಟೆಂಡರ್ ಬೇಡ, ಓವರ್‌ಟೈಮ್ ಕೇಳಲ್ಲ."

ಪೇಪರಿನ ಮೇಲೆ ಎಣ್ಣೆ ಹರಡಿ ಕೊನೆಯ ಎರಡು ಸೊನ್ನೆ ಕಾಣದಾಗಿತ್ತು. ಪಂಪಣ್ಣ ಅದನ್ನೇ ನೋಡುತ್ತಿದ್ದ, ಲೆಕ್ಕ ಏನಾದರೂ ಕಮ್ಮಿಯಾಗಬಹುದೇನೋ ಅಂತ.

"ಆದ್ರೆ 2017ರಲ್ಲಿ ರೈತರೇ ಟ್ರ್ಯಾಕ್ಟರ್ ತಂದು ಇಳಿದಿದ್ರಲ್ಲ?" ನಾನು ಕೇಳಿದೆ.

"ಇಳಿದಿದ್ರು. ಅವರನ್ನ ನೋಡಿ ನಾನು ನಗಲ್ಲ. ಕೈಲಾಗಿದ್ದು ಮಾಡಿದ್ರು. ಆ ಮಣ್ಣು ಹೊಲಕ್ಕೆ ಬಂಗಾರ. ನನಗೆ ನಗು ಬರೋದು, ಕುರ್ಚಿ ಮೇಲೆ ಕೂತು 'ಎತ್ತಿಸಿದ್ರೆ ಆಯ್ತಪ್ಪ' ಅನ್ನೋರನ್ನ ನೋಡಿ."

ಪಂಪಣ್ಣ ತಾನು ಕೂತ ಕುರ್ಚಿಯನ್ನು ಒಮ್ಮೆ ನೋಡಿಕೊಂಡ.

"ಹಾಗಿದ್ರೆ 2024ರ ಆಗಸ್ಟಲ್ಲಿ 19ನೇ ಗೇಟು ಕೊಚ್ಚಿಹೋಯ್ತಲ್ಲ," ಸೀನ ಬಿಡಲಿಲ್ಲ, "ಅಷ್ಟೊಂದು ನೀರು ನುಗ್ಗಿತು. ಒಂದಿಷ್ಟು ಹೂಳೂ ಹೋಗಿರಬೇಕು ಅಲ್ವಾ?"

"ಗೇಟಿರೋದು ಡ್ಯಾಮಿನ ತಲೆ ಮೇಲೆ. ನೀನು ಹಡಗಲಿ ಬಸ್ ಹತ್ತಿದ್ದೀಯಾ? ಜನ ಎಲ್ಲಿ ನಿಂತಿರ್ತಾರೆ?"

"ಬಾಗಿಲಲ್ಲಿ."

"ಕಂಡಕ್ಟರ್ 'ಒಳಗೆ ನಡೀರಿ, ಒಳಗೆ ನಡೀರಿ' ಅಂತ ಗಂಟಲು ಹರ್ಕೊಂಡ್ರೂ ಗೋಣಿಚೀಲದವರು ಬಾಗಿಲು ಬಿಡಲ್ಲ. ಸಣಕಲು ಹುಡುಗರು ಮಾತ್ರ ನುಸುಳಿ ಡ್ರೈವರ್ ತನಕ ಹೋಗ್ತಾರೆ. ಹೂಳೂ ಹಾಗೇ. ನದಿ ಹಿನ್ನೀರಿಗೆ ಬಂದು ನಿಧಾನ ಆಗುತ್ತಲ್ಲ, ದಪ್ಪ ಮರಳು ಅಲ್ಲೇ ಬಾಗಿಲಲ್ಲಿ ಕೂತುಬಿಡುತ್ತೆ. ಗೋಡೆ ತನಕ ಬರೋದು ಹಿಟ್ಟಿನಂಥ ನುಣ್ಣನೆ ಮಣ್ಣು. ನೀನು ಡ್ರೈವರ್ ಕಡೆ ಗೇಟು ತೆಗೆದು ಕೂತ್ರೆ ಬಾಗಿಲಲ್ಲಿರೋನು ಇಳೀತಾನಾ?"

ಎರಡನೇ ಪ್ಲೇಟ್ ಬಂತು. ಈ ಸಲ ಯಾರೂ ಶೇಂಗಾ ಆರಿಸಲಿಲ್ಲ. ಆರಿಸಿದರೆ ಕೊಟ್ರಣ್ಣ ಭಾಷಣ ಮಾಡುತ್ತಾರೆ ಅನ್ನುವ ಭಯ.

ಆದರೆ ಅವರು ಬೇರೆಲ್ಲೋ ಇದ್ದರು.

"ನಮ್ಮಮ್ಮನ ತವರು ಕಂಪ್ಲಿ ಕಡೆ," ಎಂದರು. "ಬೇಸಿಗೆ ರಜಕ್ಕೆ ಹೋಗ್ತಿದ್ವಿ. ಹೊಳೆ ಒಂದು ಅಂಚಿಗೆ ಸರಿದು ಹರೀತಿತ್ತು, ಉಳಿದದ್ದೆಲ್ಲಾ ಮರಳು. ಮಧ್ಯಾಹ್ನ ಕಾಲಿಡೋಕಾಗದಷ್ಟು ಕಾಯೋದು. ಓಡಿ ಓಡಿ, ಟವೆಲ್ ಹಾಸಿ ಅದರ ಮೇಲೆ ನಿಂತು, ಮತ್ತೆ ಓಡೋದು. ಸಾಯಂಕಾಲ ಅಮ್ಮ ಮರಳಲ್ಲಿ ವರತೆ ತೋಡೋಳು. ಮೊಳಕೈ ಆಳ. ಮೊದಲು ಬರೋ ಕಲಕು ನೀರನ್ನ ತೆಂಗಿನ ಚಿಪ್ಪಲ್ಲಿ ಎತ್ತಿ ಚೆಲ್ಲೋಳು. 'ತಡೀರೋ, ತಡೀರೋ' ಅನ್ನೋಳು. ಸ್ವಲ್ಪ ಹೊತ್ತಿಗೆ ತಳದಿಂದ ಸಣ್ಣಗೆ ಮರಳಿನ ಕಣ ಕುಣಿಸ್ಕೊಂಡು ತಿಳಿನೀರು ಮೇಲೆ ಬರೋದು. ಪಕ್ಕದಲ್ಲೇ ಹೊಳೆ ಹರೀತಿದ್ರೂ ಅವಳು ಕುಡಿಯೋಕೆ ವರತೆ ನೀರೇ ತುಂಬಿಸೋಳು."

"ಈಗ?" ಮೇಷ್ಟ್ರು ಕೇಳಿದರು.

"ಮೇಲಿಂದ ಮರಳು ಬರೋದು ನಿಂತುಹೋಯ್ತಲ್ಲ. ಇದ್ದದ್ದರಲ್ಲಿ ಹಸಿದ ನೀರು ತಿಂದಿದ್ದು ಒಂದಿಷ್ಟು, ಲಾರಿ ತಿಂದಿದ್ದು ಬಹಳ. ಹೋದ ವರ್ಷ ಹೋಗಿದ್ದೆ. ಬಂಡೆ, ಗುಂಡುಕಲ್ಲು, ಕಲ್ಲಿನ ಸಂದಿಯಲ್ಲಿ ಜೊಂಡು. ಮೊಮ್ಮಗನಿಗೆ ವರತೆ ತೋರಿಸ್ತೀನಿ ಅಂತ ಚಿಪ್ಪು ಬೇರೆ ತಗೊಂಡು ಹೋಗಿದ್ದೆ." ನಕ್ಕರು. "ಅವನು ಆ ಚಿಪ್ಪಲ್ಲಿ ಕಪ್ಪೆ ಮರಿ ಹಿಡಿದ."

ಸೀನ ಮೊಬೈಲ್ ಪರದೆ ಆರಿಸಿ ಜೇಬಿಗೆ ಹಾಕಿಕೊಂಡ.

ಅಷ್ಟರಲ್ಲಿ ಕೊಟ್ರಣ್ಣನ ಫೋನ್ ಹೊಡೆದುಕೊಂಡಿತು. ಸ್ಪೀಕರ್ ಆನ್ ಆಗಿಬಿಟ್ಟಿತ್ತು, ಯಾವಾಗಲೂ ಹಾಗೇ.

"ಅಣ್ಣಾರ, ಎಂ-ಸ್ಯಾಂಡ್ ಬಂದೈತಿ. ಎಲ್ಲಿ ಸುರೀಲಿ?"

"ಗೇಟಿನ ಪಕ್ಕ ಸುರಿಯಪ್ಪ. ಮೋರಿಗೆ ಹೋಗಬಾರದು ನೋಡು. ಎಷ್ಟು ತಂದೆ?"

"ನೀವು ಹೇಳಿದ್ದು ಎರಡು. ಸಿಕ್ಕಿದ್ದು ಒಂದೇ ಲೋಡು. ಇನ್ನೊಂದು ನಾಳೆ ಅಂತಾರೀ."

ಪಂಪಣ್ಣ ಎಣ್ಣೆ ಪೇಪರನ್ನು ತನ್ನ ಕಡೆಗೆ ಎಳೆದುಕೊಂಡು ಗಡಿಯಾರ ನೋಡಿದ. "ಕೊಟ್ರೇಶ, ನಾವು ಕೂತು ಒಂದು ತಾಸಾಯ್ತು. ಡ್ಯಾಮಿಗೆ ಇಷ್ಟು ಹೊತ್ತಿಗೆ ನೂರಾ ಇಪ್ಪತ್ತು ಬಂತು."

ಕೊಟ್ರಣ್ಣ ಎದ್ದು ಪಂಚೆ ಕೊಡವಿದರು. "ಬಿಲ್ ನೀನು ಕೊಡು," ಎಂದು ಹೊರಟರು.