ಹೆಡ್‌ಲೈಟ್ ಗಾಜಿನ ‘ಗೆರೆ’ಗೆ ಬೇರೆ ಪದ ಬೇಕು

ಬಳಗದವರಿಗೆ ನಮಸ್ಕಾರ.

ಮುಂಬಯಿ, ಪುಣೆಯಲ್ಲಿ ಹಳೆಯ ಕಾರುಗಳ ಹೆಡ್‌ಲೈಟ್ ಗಾಜು ಕೊಂಡು ಮಾರುವ ನಾವು ಫೋಟೊ ಜತೆಗೆ ಕನ್ನಡದಲ್ಲಿ ನಾಲ್ಕು ಸಾಲು ವಿವರ ಬರೆದು ಕಳಿಸುತ್ತೇವೆ. ಅದರಲ್ಲಿ ಕೆಲವು ಪದಗಳು ಕೊಳ್ಳುವವರಿಗೆ ಬೇರೆಯೇ ಅರ್ಥ ಕೊಡುತ್ತಿವೆ.

ಮುಖ್ಯವಾದದ್ದು ‘ಗೆರೆ’. “ಗಾಜಿನ ತುಂಬ ಉದ್ದ ಗೆರೆಗಳಿವೆ” ಎಂದು ಬರೆದರೆ ಗೀಚಿ ಹಾಳಾದ ಮಾಲು ಎಂದುಕೊಳ್ಳುತ್ತಾರೆ. ನಾವು ಹೇಳುವುದು ಅಚ್ಚಿನಲ್ಲೇ ಬಂದ ಉಬ್ಬುತಗ್ಗುಗಳನ್ನು. ನೆಟ್ಟಗಿರುವ ಉಬ್ಬುಗಳು ಬೆಳಕನ್ನು ಎಡಬಲಕ್ಕೆ ಹರಡುತ್ತವೆ, ಅಡ್ಡ ಪಟ್ಟಕಗಳು (ಪ್ರಿಸಂ) ಕೆಳಕ್ಕೆ ಬಾಗಿಸುತ್ತವೆ. ಗಾಜನ್ನು ಕಾಲು ಸುತ್ತು ತಿರುಗಿಸಿ ಕೂರಿಸಿದರೆ ಬೆಳಕು ಅಗಲಕ್ಕೆ ಹೋಗದೆ ಮೇಲೆ ಕೆಳಗೆ ಹರಡಿ, ಎದುರು ಬರುವವರ ಕಣ್ಣು ಕುಕ್ಕುತ್ತದೆ. ನನ್ನ ಒಲವು ‘ಏಣು’ ಎಂಬುದರ ಕಡೆಗೆ: ನೆಟ್ಟೇಣು, ಅಡ್ಡೇಣು. ಸವೆದು ಬಿದ್ದ ಗೆರೆಗೆ ‘ಗೀರು’ ಇದ್ದೇ ಇದೆ. ಧಾರವಾಡ, ವಿಜಯಪುರ ಕಡೆಯ ಮಾತಿನಲ್ಲಿ ‘ಏಣು’ವಿಗಿಂತ ಒಳ್ಳೆಯದು ಇದ್ದರೆ ತಿಳಿಸಿ.

ಎರಡನೆಯದು ‘ಲೆನ್ಸ್’. ಮುಂಬಯಿ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲೂ ಪುಣೆಯ ಜುನಾ ಬಜಾರಿನಲ್ಲೂ ‘ಕಾಚ್’ ಎಂದರೆ ಮುಂದಿನ ಗಾಜು, ‘ಡೂಮ್’ ಎಂದರೆ ಹಿಂದಿನ ಹೊಳೆಯುವ ಬಟ್ಟಲು. ಲೆನ್ಸ್‌ಗೆ ಕನ್ನಡದಲ್ಲಿರುವ ‘ಮಸೂರ’ ಇಲ್ಲಿಗೆ ಒಗ್ಗದು. ಬೆಳಕನ್ನು ಕೂಡಿಸಿ ಮುಂದಕ್ಕೆ ಕಳಿಸುವುದು ಡೂಮ್, ಗಾಜು ಅದನ್ನು ಹಂಚುತ್ತದೆ ಅಷ್ಟೆ. 1940ರ ಮಾದರಿಯಿಂದ ಅಮೆರಿಕದ ಕಾರುಗಳಿಗೆ ಬಂದ 7 ಇಂಚಿನ ಸೀಲ್ಡ್ ಬೀಮಿನಲ್ಲಂತೂ ಗಾಜು, ಡೂಮ್, ಫಿಲಮೆಂಟ್ ಮೂರೂ ಸೇರಿ ಒಂದೇ ಅಂಗ. ಅದರ ಗಾಜನ್ನಷ್ಟೇ ಬಿಡಿಸಿ ಮಾರಲಾಗದು. ಹಾಗಾಗಿ ‘ಬಿಡಿಗಾಜು’, ‘ಇಡೀ ದೀಪ’ ಎಂದು ಬೇರೆ ಬೇರೆ ಬರೆಯುವುದು ಒಳ್ಳೆಯದು. ಬಿಡಿಗಾಜಿಗೆ ಅಳತೆಯನ್ನು, ಗಾಜನ್ನು ಹಿಡಿದಿಡುವ ರಿಮ್ ಬಿಚ್ಚಿ, ಅಂಚಿನಿಂದ ಅಂಚಿಗೆ ವರ್ನಿಯರ್ ಕ್ಯಾಲಿಪರ್ ಹಿಡಿದು ಕೊಡಬೇಕು. ರಿಮ್ಮಿನೊಳಗೆ ಅಡಗಿದ ಅಂಚನ್ನು ಬಿಟ್ಟು ಅಳೆದರೆ 3 ಮಿ.ಮೀ. ವ್ಯತ್ಯಾಸವಾದರೂ ಗಾಜು ಕೂರುವುದಿಲ್ಲ.

‘ಎಡದ ದೀಪ’ ಯಾರ ಎಡ? ಅಂಗಡಿಯವನು ಕಾರಿಗೆ ಎದುರಾಗಿ ನಿಂತು ಹೇಳುತ್ತಾನೆ, ಮೆಕ್ಯಾನಿಕ್ ಡ್ರೈವರ್ ಸೀಟಿನಿಂದ ಲೆಕ್ಕ ಹಿಡಿಯುತ್ತಾನೆ. ಸೀಟಿನ ಲೆಕ್ಕವೇ ವಾಡಿಕೆ. ‘ಡ್ರೈವರನ ಎಡ’ ಎಂದೇ ಬರೆಯೋಣ. ಯುರೋಪಿನ ಗಾಜಿನ ಮೇಲೆ ವೃತ್ತದೊಳಗಿನ ‘E’ ಎಂಬ ಮಾನ್ಯತೆಯ ಗುರುತಿನ ಬಳಿ ಬಾಣವಿದ್ದರೆ ಅದನ್ನೂ ಹೇಳಬೇಕು. ಎದುರು ನಿಂತು ನೋಡುವವನ ಬಲಕ್ಕೆ ತೋರುವ ಬಾಣವೆಂದರೆ ನಮ್ಮಂತೆ ರಸ್ತೆಯ ಎಡಕ್ಕೆ ಓಡಿಸುವ ದೇಶದ್ದು. ಎರಡು ಕಡೆಗೂ ಬಾಣವಿದ್ದರೆ ಎರಡಕ್ಕೂ ಆಗುವಂಥದ್ದು. ಬಾಣವೇ ಇಲ್ಲದಿದ್ದರೆ ಬಲಕ್ಕೆ ಓಡಿಸುವ ದೇಶದ್ದು, ಇಲ್ಲಿಯ ರಸ್ತೆಗೆ ಹಾಕಬಾರದು.

‘ಜೋಡಿ’ಯನ್ನು ಸಡಿಲವಾಗಿ ಬಳಸುವುದಂತೂ ನನಗೆ ಒಪ್ಪಿಗೆಯಿಲ್ಲ. ತಯಾರಕರ ಗುರುತು, ಏಣಿನ ವಿನ್ಯಾಸ, ಬಣ್ಣ ಮೂರೂ ಹೊಂದಿದರೆ ಜೋಡಿ. ಇಲ್ಲವಾದರೆ ‘ಎರಡು ನಗ’ ಎನ್ನಿ. ಮ್ಯಾಂಗನೀಸ್ ಬೆರೆತ ಹಳೆಯ ಗಾಜು ಬಿಸಿಲಿಗೆ ನೇರಳೆ ಛಾಯೆಗೆ ತಿರುಗುತ್ತದೆ. ಒಂದು ಬೆಳ್ಳಗೆ, ಒಂದು ನೇರಳೆ ಇದ್ದರೆ ಜೋಡಿ ಹೇಗಾದೀತು?

ದೋಷಗಳಿಗೆ ನಾನು ಬಳಸುವುದು: ಅಂಚಿನ ತುಣುಕು ಹಾರಿದ್ದರೆ ‘ಚಕ್ಕೆ’, ಆರಪಾರ ಹೋಗಿದ್ದರೆ ‘ಬಿರುಕು’, ಎರಕದಲ್ಲೇ ಉಳಿದ ಗಾಳಿಗೆ ‘ಗುಳ್ಳೆ’. ಗುಳ್ಳೆ ದೋಷವಲ್ಲ. ರಿಮ್ಮಿನಡಿ ಮುಚ್ಚಿಹೋಗುವ ಚಕ್ಕೆ ನಡೆಯುತ್ತದೆ. ಬಿರುಕು ಮಾತ್ರ ದೀಪದ ಕಾವಿಗೂ ಕಾರಿನ ಅದುರಾಟಕ್ಕೂ ಬೆಳೆಯುತ್ತ ಹೋಗುತ್ತದೆ. ಕತ್ತಲಲ್ಲಿ ಅಂಚಿಗೆ ಟಾರ್ಚ್ ಹಿಡಿದರೆ ಕೂದಲೆಳೆಯಷ್ಟು ಬಿರುಕೂ ಬೆಳ್ಳಗೆ ಹೊಳೆಯುತ್ತದೆ.

ಇನ್ನೊಂದು ಪದ ಸಿಕ್ಕಿಲ್ಲ. ಡೂಮಿನ ಒಳಲೇಪ ಮಂಕಾಗಿ ಕಪ್ಪಾದದ್ದಕ್ಕೆ ‘ಕಲಾಯಿ ಹೋಗಿದೆ’ ಎನ್ನಬಹುದೇ? ಪಾತ್ರೆಯ ಕಲಾಯಿ ತವರ, ಇಲ್ಲಿರುವುದು ಬೆಳ್ಳಿ ಅಥವಾ ಅಲ್ಯೂಮಿನಿಯಂ. ಕನ್ನಡಿಗೆ ಹೇಳುವಂತೆ ‘ರಸ ಹೋಗಿದೆ’ ಎಂದರೆ ನಿಮ್ಮ ಕಡೆ ಅರ್ಥವಾಗುತ್ತದೆಯೇ?