ಮಂಡ್ಯದ 5 ರೂಪಾಯಿ ಡಾಕ್ಟರ್ ಬಗ್ಗೆ ಗೊತ್ತಿರುವವರು ಹೇಳಿ

ಪ್ರಶ್ನೆ: ಡಾ. ಶಂಕರೇಗೌಡರು ಬರೀ 5 ರೂಪಾಯಿ ಫೀಸ್ ತೆಗೆದುಕೊಳ್ಳುತ್ತಾರಂತೆ. ಅಷ್ಟರಲ್ಲಿ ಜೀವನ ಹೇಗೆ ನಡೆಯುತ್ತೆ?

ಉತ್ತರ 1: ಅವರ ಊರು ಶಿವಳ್ಳಿ. ಅಲ್ಲಿ ಬೇಸಾಯವೂ ಇದೆ. ಫೀಸ್ ಕಡಿಮೆ ಅಂತ ಓದು ಕಡಿಮೆ ಅಂದ್ಕೋಬೇಡಿ, ಮಣಿಪಾಲದಲ್ಲಿ ಎಂಬಿಬಿಎಸ್ ಮುಗಿಸಿದ ಚರ್ಮರೋಗ ತಜ್ಞರು ಅವರು. ಬರೆಯುವ ಔಷಧಿಯೂ ಅಗ್ಗದ್ದೇ.

ಉತ್ತರ 2: ನನಗೆ ದೊಡ್ಡದಾಗಿ ಕಾಣುವುದು ಬೇರೆ ವಿಷಯ. ಕಜ್ಜಿ ಒಬ್ಬರಿಗೆ ಬಂದರೆ ಮನೆಮಂದಿಗೆಲ್ಲ ಒಟ್ಟಿಗೆ ಚಿಕಿತ್ಸೆ ಆಗಬೇಕು, ಇಲ್ಲದಿದ್ದರೆ ಮತ್ತೆ ಮತ್ತೆ ಹರಡುತ್ತೆ, ಆದರೆ ತಲೆಗೆ 300, 400 ರೂಪಾಯಿ ಅಂದ್ರೆ ಕೂಲಿಯವರು ಐದು ಜನರನ್ನು ಕರೆದುಕೊಂಡು ಹೋಗ್ತಾರಾ? ಹೋಗಲ್ಲ. ಅಂಗಡಿಯಲ್ಲಿ ಯಾವುದೋ ಸ್ಟೀರಾಯ್ಡ್ ಮುಲಾಮು ತಂದು ಹುಳುಕಡ್ಡಿಗೆ ಹಚ್ಚುತ್ತಾರೆ, ಅದು ಇನ್ನೂ ಜಾಸ್ತಿಯಾಗುತ್ತೆ. 5 ರೂಪಾಯಿ ಅಂದ್ರೆ ಬೇಗ ಬರುತ್ತಾರೆ.

ಉತ್ತರ 3: 2022ರಲ್ಲಿ ಅವರಿಗೆ ಹೃದಯಾಘಾತವಾದಾಗ ನಾವೆಲ್ಲ ಹೆದರಿದ್ದೆವು. ಚೇತರಿಸಿಕೊಂಡರು, ಪುಣ್ಯ.

ಉತ್ತರ 4: ತುಂಬಾ ಗೌರವ ಇದೆ. ಆದರೆ ಎಲ್ಲ ಡಾಕ್ಟರೂ ಹೀಗೇ ಇರಲಿ ಅನ್ನೋದು ಸರಿಯಲ್ಲ, ಬಾಡಿಗೆ ಸಾಲ ಎಲ್ಲರಿಗೂ ಇರುತ್ತೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಚರ್ಮದ ಡಾಕ್ಟರ್ ಬೇಕು ಅಂತ ಕೇಳೋಣ.