ಫ್ಲಾಟ್‌ಗಳ ಬಿಸಿನೀರಿನ ಸಿಲಿಂಡರ್: ಎಂಟು ಮನೆಗೆ ಒಂದೇ ಡಿಸ್ಚಾರ್ಜ್ ಪೈಪು ಸಾಕೇ?

ಪ್ರಶ್ನೆ
ಇಂಗ್ಲೆಂಡಿನಲ್ಲಿ ನಾಲ್ಕು ಅಂತಸ್ತಿನ ಕಟ್ಟಡ, ಅಂತಸ್ತಿಗೆ ಎರಡರಂತೆ 8 ಫ್ಲಾಟ್. ಪ್ರತಿಯೊಂದರಲ್ಲೂ 150 ಲೀಟರಿನ ಅನ್‌ವೆಂಟೆಡ್ ಸಿಲಿಂಡರ್ (ಗಾಳಿಗೆ ತೆರೆದಿರದೆ, ಒತ್ತಡದಲ್ಲಿ ಬಿಸಿನೀರು ಹಿಡಿದಿಡುವ ಮುಚ್ಚಿದ ತೊಟ್ಟಿ). ಬಿಸಿಯೋ ಒತ್ತಡವೋ ಮಿತಿ ಮೀರಿದಾಗ ನೀರು ಹೊರಬಿಡುವ ಟಿ ಅಂಡ್ ಪಿ ವಾಲ್ವಿನ ಬಾಯಿ ಅರ್ಧ ಇಂಚು. ಆ ನೀರು ಬೀಳುವುದು ಕಾಣುವಂತೆ ಕೆಳಗಿಟ್ಟ ತೆರೆದ ಆಲಿಕೆಯೇ ಟಂಡಿಶ್. ಟಂಡಿಶ್‌ನಿಂದ ಶಾಫ್ಟ್‌ವರೆಗೆ 22 ಮಿ.ಮೀ. ತಾಮ್ರದ ಪೈಪು, 5.4 ಮೀಟರ್, ಐದು ಎಲ್ಬೋ (ಪೈಪಿನ ತಿರುವು). ಶಾಫ್ಟ್‌ನಲ್ಲಿ ಎಂಟೂ ಒಂದೇ 28 ಮಿ.ಮೀ. ಪೈಪಿಗೆ ಸೇರಿ 9 ಮೀಟರ್ ಇಳಿದು ನೆಲದ ಗಲ್ಲಿಗೆ (ಜಾಲರಿ ಹಾಕಿದ ಚರಂಡಿ ಬಾಯಿಗೆ) ಹೋಗುತ್ತವೆ ಎಂದು ನಕ್ಷೆಯಲ್ಲಿದೆ. ಸರಿಯೇ? ಇಲ್ಲವಾದರೆ ಪಕ್ಕದಲ್ಲೇ ಇರುವ ಸಾಯಿಲ್ ಸ್ಟ್ಯಾಕಿಗೆ (ಶೌಚದ ನೀರು ಇಳಿಯುವ ನೆಟ್ಟಗಿನ ಪೈಪಿಗೆ) ಸೇರಿಸಬಹುದೇ?

ಉತ್ತರ 1
ಈ ನಕ್ಷೆಯನ್ನು ಒಪ್ಪಬೇಡಿ. ಕಟ್ಟಡ ನಿಯಮಗಳ ಅಪ್ರೂವ್ಡ್ ಡಾಕ್ಯುಮೆಂಟ್ ಜಿ ಪ್ರಕಾರ ಒಂದು ಸಾಮಾನ್ಯ ಪೈಪಿಗೆ 6 ಸಿಲಿಂಡರ್‌ಗಿಂತ ಹೆಚ್ಚು ಸೇರಬಾರದು. ಯಾವ ಮನೆಯಿಂದ ನೀರು ಬರುತ್ತಿದೆ ಎಂದು ಪತ್ತೆಹಚ್ಚಲು ಆಗಬೇಕಲ್ಲ, ಅದಕ್ಕೇ ಈ ಮಿತಿ. ನಾಲ್ಕು ನಾಲ್ಕಾಗಿ ಎರಡು ಪೈಪು ಮಾಡಿ.

ಇನ್ನು ಅಳತೆ. ಅರ್ಧ ಇಂಚಿನ ವಾಲ್ವಿಗೆ 22 ಮಿ.ಮೀ. ಪೈಪು 9 ಮೀಟರ್‌ವರೆಗೆ ಮಾತ್ರ. 28 ಆದರೆ 18 ಮೀಟರ್, 35 ಆದರೆ 27. ಪ್ರತಿ ಎಲ್ಬೋವನ್ನೂ ಉದ್ದಕ್ಕೆ ಸೇರಿಸಬೇಕು: 22ಕ್ಕೆ 0.8 ಮೀಟರ್, 28ಕ್ಕೆ 1.0, 35ಕ್ಕೆ 1.4. ನಿಮ್ಮದು 5.4ಕ್ಕೆ 4.0 ಸೇರಿ 9.4. ಶಾಫ್ಟ್ ಮುಟ್ಟುವ ಮೊದಲೇ 22 ಸೋತಿತು.

ಉತ್ತರ 2
ಅಷ್ಟಕ್ಕೇ ನಿಲ್ಲಿಸಬೇಡಿ. ಆ ಉದ್ದದ ಮಿತಿ ಟಂಡಿಶ್‌ನಿಂದ ನೀರು ಹೊರಬೀಳುವ ತುದಿಯವರೆಗಿನದು. ಮೇಲಿನ ಅಂತಸ್ತಿಗೆ 5.4 ಮತ್ತು 9 ಸೇರಿ 14.4 ಮೀಟರ್, 28ರ ಐದು ಎಲ್ಬೋ ಕೂಡಿಸಿದರೆ 19.4, ಅಂದರೆ 18 ದಾಟಿತು. 35ರಲ್ಲಿ 14.4ಕ್ಕೆ 7.0 ಸೇರಿ 21.4, ಮಿತಿಯೊಳಗೆ. ಬುಡದಲ್ಲಿ ಇನ್ನೆರಡು ಎಲ್ಬೋ ಬಂದರೂ 24.2. ಸಾಮಾನ್ಯ ಪೈಪು ಅದಕ್ಕೆ ಸೇರುವ ಅತಿ ದೊಡ್ಡ ಪೈಪಿಗಿಂತ ಕನಿಷ್ಠ ಒಂದು ಅಳತೆ ದೊಡ್ಡದಿರಬೇಕು, ಹಾಗಾಗಿ ಅದು 42 ಮಿ.ಮೀ. ಆಗುತ್ತದೆ. ಕೆಳಗಿನ ಮನೆಗಳ ಕವಲು 28ರಲ್ಲೇ ಸಾಕಾಗಬಹುದು. ಒಂದೊಂದನ್ನೂ ಬೇರೆಯಾಗಿ ಲೆಕ್ಕ ಹಾಕಿ.

ಪೈಪು ಸಣ್ಣದಾದರೆ ಆಗುವ ಅನಾಹುತ ಹೀಗೆ: ಮೇಲಿನ ಮನೆಯ ಥರ್ಮೋಸ್ಟಾಟೂ ಅತಿ ಬಿಸಿಯಾದಾಗ ಹೀಟರ್ ನಿಲ್ಲಿಸುವ ಕಟ್‌ಔಟೂ ಕೆಟ್ಟಿವೆ, 90 ಡಿಗ್ರಿ ದಾಟಿದ ಮೇಲೆ ಟಿ ಅಂಡ್ ಪಿ ವಾಲ್ವು ಬಾಯಿ ಬಿಟ್ಟಿದೆ. ಕೆಳಗೆ ಇಳಿಯಲಾಗದ ನೀರು ಹತ್ತಿರದ ಟಂಡಿಶ್‌ನಿಂದ ಉಕ್ಕುತ್ತದೆ. ಅದು ಕೆಳಗಿನ ಮನೆಯದೂ ಆಗಬಹುದು. ಏನೂ ತಪ್ಪು ಮಾಡದವರ ಬೀರುವಿನಲ್ಲಿ ಸುಡುನೀರು. ಈ ಒಂದು ಕಾರಣಕ್ಕೇ ಪೈಪಿನ ಖರ್ಚಿನಲ್ಲಿ ಕೈ ಬಿಗಿಹಿಡಿಯಬಾರದು.

ಉತ್ತರ 3
ಸಾಯಿಲ್ ಸ್ಟ್ಯಾಕಿನ ಪ್ರಶ್ನೆಗೆ: ನಿಷೇಧವಿಲ್ಲ, ಷರತ್ತುಗಳಿವೆ. ಕವಲು ಪ್ರತ್ಯೇಕವಾಗಿರಬೇಕು, ಸಿಂಕು, ಬೇಸಿನ್ನು ಯಾವುದೂ ಅದಕ್ಕೆ ಸೇರಬಾರದು, ಹಾಗೆಂದು ಪೈಪಿನುದ್ದಕ್ಕೂ ಗುರುತು ಇರಬೇಕು. ನೀರು ನಿಲ್ಲುವ ಟ್ರ್ಯಾಪ್ ಹಾಕಬೇಡಿ. ವರ್ಷಗಟ್ಟಲೆ ನೀರು ಬರದೆ ಅದು ಒಣಗಿ, ಚರಂಡಿಯ ಗಾಳಿ ಟಂಡಿಶ್ ಮೂಲಕ ಮನೆಯೊಳಗೆ ಬರುತ್ತದೆ. ನೀರಿಲ್ಲದೆ ಮುಚ್ಚಿಕೊಳ್ಳುವ ಮೆಕ್ಯಾನಿಕಲ್ ಸೀಲ್ ಬೇಕು. ಕವಲು ಪ್ಲಾಸ್ಟಿಕ್ ಆದರೆ ಕ್ಲಾಸ್ ಎಸ್ ಪಾಲಿಬ್ಯುಟಿಲೀನ್ ಅಥವಾ ಪಿಇ-ಎಕ್ಸ್ (ಎರಡೂ ಬಿಸಿ ತಾಳುವ ಪ್ಲಾಸ್ಟಿಕ್). ಸ್ಟ್ಯಾಕ್ ಸಾಧಾರಣ ಪಿವಿಸಿ-ಯು ಆಗಿದ್ದರೆ ನಾನಂತೂ ಸೇರಿಸಲು ಹೇಳುವುದಿಲ್ಲ. ಅಷ್ಟು ಬಿಸಿಗೆ ಅದು ಮೆತ್ತಗಾಗುತ್ತದೆ. ಶಾಫ್ಟ್‌ನಲ್ಲಿ ಜಾಗವಿದ್ದರೆ ಅದರ ಪಕ್ಕದಲ್ಲೇ ತಾಮ್ರವನ್ನು ಇಳಿಸಿ.

ಉತ್ತರ 1, ಮತ್ತೆ
ಫ್ಲಾಟಿನೊಳಗೂ ನೋಡಿಕೊಳ್ಳಿ. ವಾಲ್ವಿನಿಂದ ಟಂಡಿಶ್‌ಗೆ 600 ಮಿ.ಮೀ. ಮೀರಬಾರದು. ಟಂಡಿಶ್ ನೆಟ್ಟಗೆ, ಕಣ್ಣಿಗೆ ಕಾಣುವಂತೆ, ಸಿಲಿಂಡರ್ ಇರುವ ಜಾಗದಲ್ಲೇ ಇರಬೇಕು. ಅದರ ಕೆಳಗೆ ಕನಿಷ್ಠ 300 ಮಿ.ಮೀ. ನೇರ ಇಳಿದ ಮೇಲೆಯೇ ಮೊದಲ ಎಲ್ಬೋ. ಆ ನೇರ ಇಳಿತ ಇಲ್ಲದಿದ್ದರೆ ನೀರು ವೇಗ ಪಡೆಯದೆ ಟಂಡಿಶ್‌ನಲ್ಲೇ ಚೆಲ್ಲುತ್ತದೆ. ಆಮೇಲೆ ಇಳಿಜಾರು ಎಲ್ಲೂ ನಿಲ್ಲದೆ, 200ಕ್ಕೆ 1ಕ್ಕಿಂತ ಕಡಿಮೆಯಾಗದಂತೆ ಇರಬೇಕು. ದಾರಿಯಲ್ಲಿ ಮುಚ್ಚುವ ವಾಲ್ವು ಎಲ್ಲೂ ಇರಕೂಡದು. ಗಲ್ಲಿಯಲ್ಲಿ ಪೈಪಿನ ತುದಿ ಜಾಲರಿಯ ಕೆಳಗೆ, ನಿಂತ ನೀರಿನ ಮೇಲೆ.

ಪರೀಕ್ಷೆಗೆ ಮೇಲಿನ ಮನೆಯ ಟಿ ಅಂಡ್ ಪಿ ವಾಲ್ವನ್ನು ಪೂರ್ತಿ ತೆರೆದು, ಆ ಸಾಲಿನ ನಾಲ್ಕೂ ಟಂಡಿಶ್ ಬಳಿ ಒಬ್ಬೊಬ್ಬರನ್ನು ನಿಲ್ಲಿಸಿ. ಎಲ್ಲೂ ಹನಿ ಹೊರಬರಬಾರದು.

ಉತ್ತರ 2, ಮತ್ತೆ
ನಿವಾಸಿಗಳಿಗೆ ಒಂದು ಚೀಟಿ ಕೊಡಿ. ನೀರು ಕಾಯುವಾಗ ಮಾತ್ರ ಟಂಡಿಶ್‌ನಲ್ಲಿ ಹನಿ ಬಂದರೆ ಸಾಮಾನ್ಯವಾಗಿ, ಹಿಗ್ಗಿದ ನೀರಿಗೆ ಜಾಗ ಕೊಡುವ ಪಾತ್ರೆಯಾದ ಎಕ್ಸ್‌ಪ್ಯಾನ್ಶನ್ ವೆಸೆಲ್‌ನ ಗಾಳಿ ಇಳಿದಿರುತ್ತದೆ: 150 ಲೀಟರ್ 10ರಿಂದ 60 ಡಿಗ್ರಿಗೆ ಏರಿದರೆ ಸುಮಾರು ಎರಡೂವರೆ ಲೀಟರ್ ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು. ಸುಡುನೀರು ಧಾರೆಯಾಗಿ ಬಂದರೆ ಹೀಟರಿನ ಸ್ವಿಚ್ ಆರಿಸಿ, ತಣ್ಣೀರಿನ ವಾಲ್ವು ಮುಚ್ಚದೆ ಬಿಟ್ಟು, ಅನ್‌ವೆಂಟೆಡ್ ಅರ್ಹತೆ ಇರುವ ಪ್ಲಂಬರನ್ನು ಕರೆಯಲಿ. ದೃಷ್ಟಿಯಿಲ್ಲದವರು ಅಥವಾ ಎದ್ದು ನೋಡಲಾಗದವರು ಇರುವ ಮನೆಯಲ್ಲಿ ಟಂಡಿಶ್‌ಗೆ ಎಲೆಕ್ಟ್ರಾನಿಕ್ ಎಚ್ಚರಿಕೆ ಗಂಟೆ ಹಾಕಿಸಿ.